ಬೀಗರ ಜ್ವರ

ನಮ್ಮೂರಿನಲ್ಲಿ ಯಾರಿಗಾದರೂ ಜ್ವರ ಬಂದರೆ ಎಷ್ಟು ಕಾದಿದೆ, ಯಾವ ಮಾತ್ರೆ ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಹೊಸ್ತಿಲ ಆಚೆ ಚಪ್ಪಲಿ ಬಿಡುತ್ತಲೇ "ಬೀಗರು ಯಾರು?" ಎನ್ನುತ್ತಾರೆ. ಕುರಿ ಎಂದರೆ ಕುರಿ, ಮುಂಗುಸಿ ಎಂದರೆ ಮುಂಗುಸಿ. ಹೆಸರು ಗೊತ್ತಾದ ಮೇಲೆ ಎರಡನೆಯ ಪ್ರಶ್ನೆ, "ಮನೆಗೆ ಕರ್ಕೊಂಡ್ ಬಂದ್ರಾ?" ಯಾವ ಮೈಯಿಂದ ಚಿಗಟವೋ ಉಣ್ಣಿಯೋ ಹಾರಿ ಬಂದು ಕಚ್ಚಿತೋ ಆ ಮೈಯವರು ಬೀಗರು. ಬೀಗರು ಮನೆಗೆ ಬಂದು, ಹೊಟ್ಟೆ ತುಂಬ ಉಂಡು, ಒಂಬತ್ತು ದಿನ ಜೀವದಿಂದಿದ್ದರೆ ರೋಗಿಯೂ ಜೀವದಿಂದಿರುತ್ತಾನೆ. ನಡುವೆ ಬೀಗರಿಗೆ ಏನಾದರೂ ಆದರೆ ಇತ್ತ ಮಂಚದ ಮೇಲೂ ಅದೇ ಆಗುತ್ತದೆ.

ಇದಕ್ಕೆ ಊರು ಯಾವ ಕಾಲದಲ್ಲೋ ಒಗ್ಗಿಕೊಂಡಿದೆ. ಮಾಂಸದಂಗಡಿಯವರು ಶನಿವಾರ ಮಧ್ಯಾಹ್ನವೇ ಮರುದಿನದ ಮೇಕೆಗಳನ್ನು ಬೀದಿಬೀದಿ ನಡೆಸಿಕೊಂಡು ಬಂದು, "ಕಪ್ಪು ಮೈ, ಬಿಳಿ ಕಿವಿ, ಯಾರ್ಗಾದ್ರೂ ನಂಟೈತಾ?" ಎಂದು ಮನೆಮನೆಯ ಮುಂದೆ ನಿಂತು ಕೇಳುತ್ತಾರೆ. ಬೋನಿಗೆ ಇಲಿ ಬಿದ್ದರೆ ಬೋನು ಹಿಡಿದುಕೊಂಡು ಅಕ್ಕಪಕ್ಕದ ಹತ್ತು ಮನೆ ಸುತ್ತಿ ಕೇಳಬೇಕು. ಆ ರಗಳೆ ಯಾರಿಗೆ ಬೇಕೆಂದು ಊರಿನಲ್ಲಿ ಯಾರೂ ಬೋನು ಇಡುವುದೇ ಇಲ್ಲ. ಇಲಿಗಳು ನಡುಮನೆಯಲ್ಲಿ ರಜೆಗೆ ಬಂದ ನೆಂಟರ ಮಕ್ಕಳ ಹಾಗೆ ಓಡಾಡಿಕೊಂಡಿರುತ್ತವೆ. ಅಳಿಲು ಅಡ್ಡ ಬಂದರೂ ಬಸ್ಸು ನಿಲ್ಲುತ್ತದೆ, ಹಾಗಾಗಿ ನಮ್ಮೂರಿನ ಬಸ್ಸು ಹೇಳಿದ ಹೊತ್ತಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಒಂದು ಸಲ ಹೆಡ್‌ಮಾಸ್ತರಿಗೆ ಎಮ್ಮೆ ಬೀಗರಾಗಿ, ಒಂಬತ್ತು ದಿನ ಅದರ ಜೊತೆ ಕೆರೆಯಲ್ಲಿ ಕುತ್ತಿಗೆಮಟ್ಟ ಕೂತು ಹಾಜರಿ ಕರೆದರು. ಮಕ್ಕಳು ದಡದ ಮೇಲೆ ಸಾಲಾಗಿ ಕೂತು ಹಾಜರಿ ಕೊಟ್ಟವು. ಅಲ್ಲಿ ಯಾರೂ ನಗಲಿಲ್ಲ, ನಗಬೇಕೆನಿಸಿದವರು ಮನೆಗೆ ಹೋಗಿ ನಕ್ಕರು.

ಬೀಗರು ಯಾರೆಂದು ಹೇಳುವ ಕೆಲಸ ನನ್ನದು. ನನ್ನ ಹೆಸರು ಹೊಂಬಮ್ಮ. ಇದು ಅತ್ತೆಯಿಂದ ಬಂದ ವಿದ್ಯೆ. ಜ್ವರ ಬಂದವರ ತಲೆ, ಕಂಕುಳು, ಉಡುದಾರದ ಸುತ್ತ ಹೇನು ಬಾಚುವ ಸೀರಣಿಗೆ ಆಡಿಸಿ, ಉಟ್ಟ ಬಟ್ಟೆಯನ್ನು ಪಿಂಗಾಣಿ ಬೋಗುಣಿಯ ಮೇಲೆ ಕೊಡವಿ, ಬಿದ್ದ ಹುಳವನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ದನದ ಉಣ್ಣಿ ಬೇರೆ, ನಾಯಿಯದು ಬೇರೆ. ಬೆಕ್ಕಿನ ಚಿಗಟಕ್ಕೆ ಬಾಯಿಯ ಕೆಳಗೆ ಗಡುಸಾದ ಮೀಸೆ ಇರುತ್ತದೆ, ಇಲಿಯ ಚಿಗಟದ ಮುಖ ಬೋಳು. ಮೂವತ್ತು ವರ್ಷದಲ್ಲಿ ನಾನು ನೋಡಿ ಹೇಳಿದ್ದನ್ನು ಇನ್ನೊಬ್ಬರು ತಿದ್ದಿದ್ದಿಲ್ಲ. ತಿದ್ದುವಷ್ಟು ಯಾರಿಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಒಂದೇ ಹೆಸರು ಹೇಳು, ಗಟ್ಟಿಯಾಗಿ ಹೇಳು ಎಂದು ಅತ್ತೆ ಕಲಿಸಿದ್ದರು. ಎರಡು ಹೆಸರು ಹೇಳಿದರೆ ಮನೆಯವರು ಎರಡರ ಹಿಂದೆಯೂ ಓಡಿ ಒಂದನ್ನೂ ನೆಟ್ಟಗೆ ಕಾಯುವುದಿಲ್ಲವಂತೆ.

ಆ ಸೋಮವಾರ ನಮ್ಮ ಯಜಮಾನರು ಹಿಟ್ಟಿನ ಗಿರಣಿಯಿಂದ ಮಧ್ಯಾಹ್ನಕ್ಕೇ ಮನೆಗೆ ಬಂದುಬಿಟ್ಟರು. ತಲೆಗೂದಲು, ಹುಬ್ಬು, ಕಿವಿಯ ಮೇಲಿನ ರೋಮ ಎಲ್ಲದರ ಮೇಲೂ ಹಿಟ್ಟು ಕೂತಿತ್ತು, ಆ ಬೆಳ್ಳಗಿನ ಮುಖದೊಳಗೆ ಕಣ್ಣು ಕೆಂಡವಾಗಿತ್ತು. ಅವರ ಹೆಸರು ತಮ್ಮಯ್ಯ. ಊರಿನಲ್ಲಿ ಅವರಷ್ಟು ಮರ್ಯಾದಸ್ತ ಮನುಷ್ಯ ಇನ್ನೊಬ್ಬನಿಲ್ಲ. ರಾಗಿ ಬೀಸಿಸಲು ಬಂದ ಐದು ವರ್ಷದ ಹುಡುಗಿಗೂ "ಬನ್ನಿ, ಕೂತ್ಕಳಿ" ಎನ್ನುತ್ತಾರೆ. ದಾರಿಗೆ ಅಡ್ಡ ಮಲಗಿದ ಎತ್ತಿಗೆ "ಒಸಿ ಅತ್ಲಾಗೆ ಸರೀರಿ" ಎನ್ನುತ್ತಾರೆ. ಏಕವಚನವೆಲ್ಲ ನನಗೊಬ್ಬಳಿಗೆ ಮೀಸಲು.

"ಹೊಂಬಾ, ಚಳಿ ಕಣೆ," ಎಂದು ಜಗಲಿಯ ಮೇಲೆ ಕುಸಿದರು.

ಸೀರಣಿಗೆ ತಂದೆ, ಬೋಗುಣಿ ತಂದೆ. ಉಡುದಾರದ ಬಳಿ ಒಂದೇ ಒಂದು ಚಿಗಟ ಸಿಕ್ಕಿತು. ಗಾಜಿನಲ್ಲಿ ನೋಡಿದೆ. ಮೀಸೆ ಇತ್ತು. ಬೆಕ್ಕಾದರೆ ಸುಲಭ. ಗಿರಣಿಯಲ್ಲಿ ಮಿಲ್ಟ್ರಿ ಎಂಬ ಗಂಡುಬೆಕ್ಕಿದೆ, ದಪ್ಪ ಮೀಸೆಯ ಗತ್ತಿನ ಪ್ರಾಣಿ, ಹಗಲೆಲ್ಲ ನಮ್ಮ ಯಜಮಾನರ ಮಡಿಲಲ್ಲೇ ಬಿದ್ದಿರುತ್ತದೆ. ಅದನ್ನು ಕುಕ್ಕೆಯಲ್ಲಿ ಹಾಕಿಸಿಕೊಂಡು ಬಂದೆ. ಹಾಲು, ಬೇಯಿಸಿದ ಮೀನು, ಮೆತ್ತನೆಯ ಹಾಸು, ಬೀಗರಿಗೆ ಏನು ಮಾಡಬೇಕೋ ಎಲ್ಲ ಮಾಡಿದೆ. ಒಂಬತ್ತು ದಿನ ಬಾಗಿಲಾಚೆ ಬಿಡದೆ ಕಾದರೆ ಮುಗಿಯಿತು ಎಂದುಕೊಂಡೆ.

ಚಳಿ ಏರುತ್ತಲೇ ಇತ್ತು. ನಡುಮನೆಯ ಮೂಲೆಯಲ್ಲಿ ನನ್ನ ತವರಿನ ಮರದ ಪೆಟ್ಟಿಗೆ ಇದೆ. ಅದರಿಂದ ಕಂಬಳಿ ತೆಗೆದು ಹೊದಿಸಿದೆ. ಗಂಜಿ ಕಾಯಿಸುವ ಗಡಿಬಿಡಿಯಲ್ಲಿ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು. ಸಂಜೆ ಕಸ ಗುಡಿಸುವಾಗ ನೋಡಿ, ಮುಚ್ಚಿ, ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನಗೆ ಬೀಗ ಹಾಕುವುದು ಒಂದು ಚಟ. ಉಪ್ಪಿನ ಡಬ್ಬಿಗೂ ಬೀಗ ಹಾಕುವವಳು ಎಂದು ನಮ್ಮ ಯಜಮಾನರು ಛೇಡಿಸುತ್ತಾರೆ.

ಮರುದಿನದಿಂದ ಪಕ್ಕದ ಮನೆಯ ಚಿಕ್ಕತಾಯಿ ಬಂದು ನೀರು ಹೊತ್ತು ಕೊಡುವುದು, ಒಲೆ ನೋಡಿಕೊಳ್ಳುವುದು ಮಾಡತೊಡಗಿದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಕೆಂಚಪ್ಪ ಇದೇ ಜ್ವರದಲ್ಲಿ ಆರನೆಯ ದಿನ ತೀರಿಕೊಂಡ. ಮೈಮೇಲೆ ಸಿಕ್ಕ ಉಣ್ಣಿ ನೋಡಿ ನಾಯಿ ಎಂದು ನಾನೇ ಹೇಳಿದ್ದೆ. ನಾಯಿಗೆ ಏನೂ ಆಗಲಿಲ್ಲ, ಮಂಚದ ಕೆಳಗೆ ಬಾಲ ಆಡಿಸುತ್ತ ಕೂತಿತ್ತು, ಅವನು ಮಾತ್ರ ಹೋದ. "ಆಯಸ್ಸು ಅಷ್ಟೇ ಇತ್ತು ಕಣವ್ವ, ಬೀಗರ ತಪ್ಪೇನೂ ಇಲ್ಲ" ಎಂದು ನಾನು ಅವತ್ತು ಅಂದೆ. ಊರು ಒಪ್ಪಿತು, ಅವಳೂ ಒಪ್ಪಿದಳು. ಆ ನಾಯಿಯನ್ನು ಇವತ್ತಿಗೂ ಸಾಕಿಕೊಂಡಿದ್ದಾಳೆ.

ಬೀಗರು ಮನೆಗೆ ಬಂದರೆ ಮೂರನೆಯ ದಿನಕ್ಕೆ ರೋಗಿಯ ಮೈ ಹಗುರಾಗಬೇಕು. ಬೀಗರು ಉಂಡದ್ದು ಇವರ ಮುಖದಲ್ಲಿ ಕಾಣಬೇಕು. ಮಿಲ್ಟ್ರಿ ಎರಡು ಹೊತ್ತು ಮೀನು ತಿಂದು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು, ನಮ್ಮ ಯಜಮಾನರು ಬುಧವಾರ ಬೆಳಗ್ಗೆ ತುಟಿ ಒಡೆದುಕೊಂಡು "ನೀರು" ಅಂದರು. ಕೊಟ್ಟೆ. ಒಂದು ಚೊಂಬು ಪೂರ್ತಿ ಕುಡಿದು, ಇನ್ನೂ ನೀರು ಅಂದರು. ಎರಡನೆಯ ಚೊಂಬೂ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ನಗಾರಿಯಾಗಿತ್ತು, ನಾಲಿಗೆ ಮಾತ್ರ ಒಣಗಿದ ತೊಗಲಿನಂತೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಚಿಕ್ಕತಾಯಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. "ಅಕ್ಕಾ, ಇಷ್ಟ್ ನೀರ್ ಕುಡುದ್ರೂ ದಾಹ ಇಂಗ್ತಿಲ್ಲ. ದಾಹ ಇವ್ರದಲ್ಲ ಅನ್ಸುತ್ತೆ."

"ಜ್ವರದಲ್ಲಿ ದಾಹ ಆಗ್ದೆ ಇನ್ನೇನಾಗುತ್ತೆ?"

"ಅಲ್ಲ, ಆ ಬೆಕ್ಕು ಹಾಲು ನೆಕ್ಕಂಡು ತೃಪ್ತಿಯಾಗಿ ಬಿದ್ದೈತೆ. ಬೀಗರು ತಣ್ಣಗಿದ್ರೆ ಇವ್ರೂ ತಣ್ಣಗಿರ್ಬೇಕಲ್ವಾ? ಬೇರೆ ಯಾವ್ದಾದ್ರೂ ಇರಬೋದಾ ಅಂತ. ಹಿಟ್ಟಿನ ಮಿಷನ್ ಮನೇಲಿ ಇಲಿನೂ ಅವೆ."

ನನಗೆ ಎಲ್ಲಿಲ್ಲದ ಕೋಪ ಬಂತು. "ಮೀಸೆ ಇರೋ ಚಿಗಟ ಇಲೀದು ಹೆಂಗಾಗುತ್ತೆ? ಮೂವತ್ತು ವರ್ಷದಿಂದ ನಾನೇನು ಕಡ್ಲೆಪುರಿ ಮಾರ್ತಿದ್ನಾ? ನೀನು ಒಲೆ ನೋಡ್ಕೊ ಹೋಗು." ಅವಳು ತಲೆ ತಗ್ಗಿಸಿ ಹೋದಳು. ಹೋದ ಮೇಲೆ ನನಗೂ ಇರಿಸುಮುರಿಸಾಯಿತು. ಬೋಗುಣಿ ತಂದು ಚಿಗಟವನ್ನು ಮತ್ತೆ ನೋಡಿದೆ. ಮೀಸೆ ಇದ್ದೇ ಇತ್ತು. ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ.

ಗುರುವಾರ ಅವರು ಕಣ್ಣು ಬಿಟ್ಟುಕೊಂಡೇ "ಕತ್ತಲೆ" ಅಂದರು. ಬೀದಿ ಬಾಗಿಲಿಂದ ಬಿಸಿಲು ಹಾಸಿಗೆಯವರೆಗೂ ಬಂದಿತ್ತು. ಆದರೂ ದೀಪ ಹಚ್ಚಿಟ್ಟೆ. ಮೂಗು ಮುಚ್ಚಿಕೊಂಡು, ಗಾಟು, ಗಾಟು ಎಂದು ಸೀನಿದರು. ಏನು ಗಾಟು ಎಂದು ನಾನು ಒಲೆಯ ಮೆಣಸಿನಕಾಯಿ ಒಗ್ಗರಣೆಯನ್ನೇ ನಿಲ್ಲಿಸಿದೆ. ಆಮೇಲೆ 'ನೀರು' ಬಿಟ್ಟರೆ ಅವರು ಮಾತಾಡಿದ್ದು ಒಂದೇ ಶಬ್ದ.

"ಬೀಗ," ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬೀಗ."

"ಇಲ್ಲೇ ಅವ್ರೆ ಕಣ್ರೀ, ಎಲ್ಲೂ ಹೋಗಿಲ್ಲ," ಎಂದು ಮಿಲ್ಟ್ರಿಯನ್ನು ಎತ್ತಿ ತಂದು ಅವರ ಎದೆಯ ಹತ್ತಿರ ಇಟ್ಟೆ. ಅವರ ಮೈಯೆಲ್ಲ ಮುಳ್ಳೆದ್ದಿತು. ಮೊಣಕಾಲು ಮಡಚಿ, ಕೈ ಎದೆಗೆ ಅವಚಿಕೊಂಡು ಗೋಡೆಯ ಕಡೆ ಒತ್ತರಿಸಿದರು, ಹಲ್ಲು ಕಟಕಟ ಎಂದಿತು. ಬೀಗರನ್ನು ಇಷ್ಟು ಹತ್ತಿರ ತಂದದ್ದಕ್ಕೆ ಜ್ವರ ಏರಿತೆಂದುಕೊಂಡೆ. ಆ ಬೆಕ್ಕೋ, ಹಾಸಿಗೆಯಲ್ಲಿ ಇರಲೊಲ್ಲದು. ಸೀದಾ ಹೋಗಿ ಮರದ ಪೆಟ್ಟಿಗೆಯ ಮೇಲೆ ಹತ್ತಿ ಕೂತಿತು. ಇಳಿಸಿದರೆ ಮತ್ತೆ ಹತ್ತಿತು. ಮುಂಗಾಲಿನಿಂದ ಮುಚ್ಚಳದ ಸಂದಿಯನ್ನು ಕೆರೆಯಿತು. ಬೀಗರಿಗೆ ಆ ಜಾಗವೇ ಹಿಡಿಸಿತೇನೋ ಎಂದು ನಾನು ಅವರ ಮನಸ್ಸಿನಂತೆ ಪೆಟ್ಟಿಗೆಯ ಮೇಲೆ ನನ್ನ ಹಳೆ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿದೆ, ಹಾಲಿನ ಬಟ್ಟಲನ್ನೂ ಅಲ್ಲೇ ಇಟ್ಟೆ. ಇದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗುತ್ತದೆ.

ಶುಕ್ರವಾರ ಊರಿನವರು ನೋಡಲು ಬಂದರು. ನಮ್ಮಲ್ಲಿ ಮೊದಲು ಬೀಗರನ್ನು ಮಾತಾಡಿಸಿ ಆಮೇಲೆ ರೋಗಿಯನ್ನು ನೋಡುವುದು ಪದ್ಧತಿ. ಒಬ್ಬೊಬ್ಬರೂ ಪೆಟ್ಟಿಗೆಯ ಮುಂದೆ ಕೈ ಮುಗಿದು, "ಬೀಗರು ಲಕ್ಷಣವಾಗವ್ರೆ, ಮೈ ಕೈ ತುಂಬ್ಕಂಡವ್ರೆ" ಎಂದು ಸಂತೋಷಪಟ್ಟು, ಮಂಚದ ಕಡೆ ತಿರುಗಿ ಮಾತು ನುಂಗಿದರು. ನಾಲ್ಕು ದಿನದಲ್ಲಿ ನಮ್ಮ ಯಜಮಾನರ ಕೆನ್ನೆ ಒಳಗೆ ಹೋಗಿತ್ತು. ಚೊಂಬುಗಟ್ಟಲೆ ಗಂಜಿ ಕುಡಿಸಿದ್ದೆ, ಒಂದು ಹನಿಯೂ ಮೈಗೆ ಹತ್ತಿರಲಿಲ್ಲ. ಕಾಂಪೌಂಡರ್ ಬಂದು ಸೂಜಿ ಚುಚ್ಚಿ, "ನಂದು ಜ್ವರ ಇಳ್ಸೋ ಕೆಲಸ ಅಷ್ಟೇ ಅಮ್ಮಾ, ನಂಟಿನ್ ವಿಚಾರ ನೀವೇ ನೋಡ್ಕಬೇಕು" ಎಂದು ಹೋದ. ಹಿರಿಯರೊಬ್ಬರು ಹೊರಡುವಾಗ ನನ್ನ ಭುಜ ಮುಟ್ಟಿ, "ಆಯಸ್ಸು ಯಾರ್ ಕೈಲೈತೆ ಹೊಂಬಮ್ಮ, ಬೀಗರ ತಪ್ಪೇನೂ ಇಲ್ಲ," ಅಂದರು. ನನ್ನದೇ ಮಾತು. ಯಾರೋ ನನ್ನ ಬಾಯಿಂದ ಕಿತ್ತು ನನ್ನ ಕಿವಿಗೆ ತುರುಕಿದ ಹಾಗಾಯಿತು. ಹೆದರಿಕೆ ಆಗ ಶುರುವಾಯಿತು. ಅದುವರೆಗೆ ಇದ್ದದ್ದು ಆತಂಕ, ಇದು ಬೇರೆ.

ಶನಿವಾರ, ಆರನೆಯ ದಿನ. ಬೆಳಗ್ಗಿನಿಂದ ಅವರ ಉಸಿರು ಪುಟ್ಟಪುಟ್ಟದಾಗಿ, ಬೇಗಬೇಗ ಓಡುತ್ತಿತ್ತು. ದೊಡ್ಡ ಆಳಿನ ಎದೆ ಹಾಗೆ ಏರಿಳಿಯುವುದನ್ನು ನಾನು ಎಂದೂ ನೋಡಿರಲಿಲ್ಲ. ಹನ್ನೆರಡು ಗಂಟೆಯ ಸುಮಾರಿಗೆ ಬೀದಿಯಲ್ಲಿ ಮೇಕೆಗಳ ಸದ್ದು ಕೇಳಿತು, ಮಾಂಸದಂಗಡಿಯವನು ಬಾಗಿಲಲ್ಲಿ ನಿಂತು "ಕಂದು ಮೈ, ಒಂಟಿ ಕೊಂಬು, ನಂಟೈತಾ ಹೊಂಬಮ್ಮೋರೆ?" ಎಂದು ಕೇಳಿದ. ಕೈಯಾಡಿಸಿ ಕಳಿಸಿದೆ. ಆಗ ನಮ್ಮ ಯಜಮಾನರು ಮತ್ತೆ ಅಂದರು, "ಬೀಗ."

"ಅಯ್ಯೋ ದೇವರೇ, ಇಲ್ಲೇ ಇದಾರಲ್ರೀ," ಎಂದು ಅಳು ಬಂದುಬಿಟ್ಟಿತು. "ನೋಡಿ, ಅಲ್ಲಿ ಪೆಟ್ಟಿಗೆ ಮೇಲೆ. ಚೆನ್ನಾಗಿದಾರೆ. ನೀವೂ ಚೆನ್ನಾಗಾಗ್ರೀ."

ಚಿಕ್ಕತಾಯಿ ಅವರ ಅಂಗಾಲು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ಬೈಗುಳಕ್ಕೆ ಹೆದರಿ ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. "ಅಕ್ಕಾ, ಬೈಬೇಡಿ. ಅಣ್ಣೋರು ಬೀಗರು ಅಂತಿಲ್ಲ. ಬೀಗ ಅಂತಾವ್ರೆ."

"ನಾಲಿಗೆ ಹೊರಳ್ತಿಲ್ಲ ಅವ್ರಿಗೆ. 'ರು' ಬಿಟ್ಟೋಗೈತೆ."

"'ನೀರು' ಅಂತಾರಲ್ಲ, ಅದ್ರಲ್ಲಿ 'ರು' ಬತ್ತೈತೆ." ಅವಳು ಮೆಲ್ಲಗೆ ಹೇಳಿದಳು. "ಎತ್ತಿಗೂ ಹೋಗಿ ಬನ್ನಿ ಅನ್ನೋ ಮನುಷ್ಯ ಅಕ್ಕಾ. ಬೀಗರನ್ನ ಬೀಗ ಅಂತಾರಾ?"

ನಾನು ಅವರ ಮುಖ ನೋಡಿದೆ. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬೆಕ್ಕಿನ ಮೇಲೂ ಇರಲಿಲ್ಲ. ನನ್ನ ಸೊಂಟದಲ್ಲಿ ನೇತಾಡುತ್ತಿದ್ದ ಬೀಗದ ಕೈಗಳ ಗೊಂಚಲಿನ ಮೇಲಿತ್ತು. ಗುರುವಾರದಿಂದಲೂ ಅಲ್ಲೇ ಇತ್ತೇನೋ, ನಾನು ನೋಡಿರಲಿಲ್ಲ.

ಯಾವ ಬೀಗ ಎಂದು ಕೇಳಿದರೆ ಹೇಳುವ ಶಕ್ತಿ ಅವರಿಗಿಲ್ಲ, ನನ್ನ ಮನೆಯಲ್ಲಿ ಬೀಗಗಳಿಗೆ ಬರವಿಲ್ಲ. ಅಡುಗೆಮನೆಯ ಕಪಾಟು ತೆಗೆದೆ, ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದೆ, ಏನೂ ಇಲ್ಲ. ಅಕ್ಕಿಯ ಪೀಪಾಯಿ ತೆಗೆದು ಭುಜದವರೆಗೂ ಕೈ ಹಾಕಿ ತಡಕಿದೆ. ಗೋಡೆಯ ಬೀರು ತೆಗೆಯುವಾಗ ಬೀಗದ ಕೈ ಎರಡು ಸಲ ಬೆರಳಿನಿಂದ ಜಾರಿತು. ಕತ್ತಲೆ ಅಂದಿದ್ದರು. ಗಾಟು ಅಂದಿದ್ದರು. ಬೀರುವಿನ ಮುಂದೆ ನಿಂತವಳಿಗೆ ಆಗ ಹೊಳೆಯಿತು, ಅದು ಒಗ್ಗರಣೆಯ ಗಾಟಲ್ಲ. ಪೆಟ್ಟಿಗೆಯಿಂದ ತೆಗೆದು ಹೊದಿಸಿದ್ದ ಕಂಬಳಿಯಲ್ಲಿ ಮೊದಲ ದಿನ ಇದ್ದ ನುಸಿಗುಳಿಗೆಯ ಗಾಟು ಅದು.

"ಬೆಕ್ಕ್ ಹಿಡ್ಕೊ," ಎಂದು ಕೂಗಿದೆ.

ಚಿಕ್ಕತಾಯಿ ಮಿಲ್ಟ್ರಿಯ ಕುತ್ತಿಗೆಯ ಚರ್ಮ ಹಿಡಿದು ಎತ್ತಿ ಹಿತ್ತಲಿಗೆ ಹಾಕಿ ಬಾಗಿಲು ಎಳೆದಳು. ನಾನು ಪೆಟ್ಟಿಗೆಯ ಬೀಗ ತೆಗೆದೆ. ಮುಚ್ಚಳ ಎತ್ತಿದೊಡನೆ ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಬಟ್ಟೆಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ಎತ್ತಿದೆ. ಅಡಿಯ ಮೂಲೆಯಲ್ಲಿ, ಧಾರೆ ಸೀರೆಯ ಮಡಿಕೆ ಕಡಿದು ಗೂಡು ಮಾಡಿಕೊಂಡು, ಒಂದು ಸುಂಡಿಲಿ ಮಗ್ಗುಲಾಗಿ ಬಿದ್ದಿತ್ತು. ನನ್ನ ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ. ಮೈಮೇಲೆ ಹಿಟ್ಟಿನ ಪುಡಿ ಇನ್ನೂ ಇತ್ತು; ನಮ್ಮ ಯಜಮಾನರ ಪಂಚೆಯಲ್ಲೋ ಚೀಲದಲ್ಲೋ ಕೂತು ಗಿರಣಿಯಿಂದಲೇ ಬಂದದ್ದಿರಬೇಕು. ಸೋಮವಾರ ಚಳಿ ತಡೆಯದೆ ಬೆಚ್ಚಗಿನ ಜಾಗ ಹುಡುಕಿಕೊಂಡು ತೆರೆದ ಪೆಟ್ಟಿಗೆಗೆ ಇಳಿದಿತ್ತು, ನಾನು ಬೀಗ ಹಾಕಿದ್ದೆ. ಐದು ದಿನ ನೀರಿಲ್ಲ, ಕೂಳಿಲ್ಲ, ಬೆಳಕಿಲ್ಲ, ತಲೆಯ ಮೇಲೆ ಬೆಕ್ಕು.

ಅದರ ಹೊಟ್ಟೆ ಪುಟ್ಟಪುಟ್ಟದಾಗಿ, ಬೇಗಬೇಗ ಏರಿಳಿಯುತ್ತಿತ್ತು. ನನ್ನ ಬೆನ್ನ ಹಿಂದೆ ಮಂಚದ ಮೇಲೂ ಅದೇ ತಾಳ.

ಚಿಗಟ ಬೆಕ್ಕಿನದೇ. ಅದರಲ್ಲಿ ನಾನು ತಪ್ಪಿರಲಿಲ್ಲ. ಅದು ಹುಟ್ಟಿದ ಮನೆ ಯಾವುದೆಂದು ನೋಡಿದ್ದೆ, ಕಡೆಯ ಊಟ ಯಾರ ಮೈಯಲ್ಲಿ ಮಾಡಿತೆಂದು ಯೋಚಿಸಿರಲಿಲ್ಲ. ಬೆಕ್ಕು ಇಲಿಯ ಬೆನ್ನು ಹತ್ತುತ್ತದೆ, ಚಿಗಟ ಬೆಕ್ಕನ್ನು ಬಿಟ್ಟು ಇಲಿಯ ಮೈ ಸೇರುತ್ತದೆ, ಇಲಿಯನ್ನು ಬಿಟ್ಟು ಮನುಷ್ಯನ ಉಡುದಾರಕ್ಕೆ ಬರುತ್ತದೆ. ಇಷ್ಟು ಯಾವ ಮಗುವಿಗೂ ತಿಳಿಯುವ ಸಂಗತಿ.

ಚಿಕ್ಕತಾಯಿ ಆಗಲೇ ಹತ್ತಿ ಹೊಸೆದು ಬತ್ತಿ ಮಾಡಿ ನೀರಿನಲ್ಲಿ ಅದ್ದಿ ತಂದಿದ್ದಳು. ನಾನು ಇಲಿಯನ್ನು ಅಂಗೈಯಲ್ಲಿ ಮಲಗಿಸಿಕೊಂಡೆ, ಅವಳು ಬತ್ತಿಯ ತುದಿಯನ್ನು ಅದರ ಬಾಯಿಗೆ ಮುಟ್ಟಿಸಿದಳು. ಹನಿ ಬಾಯಿಯ ಪಕ್ಕಕ್ಕೆ ಜಾರಿ ನನ್ನ ಕೈರೇಖೆಗೆ ಇಳಿಯಿತು. ಇನ್ನೊಂದು ಹನಿಯೂ ಹಾಗೇ ಹೋಯಿತು. ನನಗೆ ಗೊತ್ತಿದ್ದ ದೇವರುಗಳೆಲ್ಲ ಮುಗಿದು, ಗೊತ್ತಿಲ್ಲದವರಿಗೂ ಹರಕೆ ಹೊತ್ತೆ. ಮೂರನೆಯದೋ ನಾಲ್ಕನೆಯದೋ ಹನಿಗೆ ಇಲಿಯ ಗಂಟಲು ಮಿಡಿಯಿತು. ಮಂಚದ ಮೇಲಿಂದ ಗುಟುಕು ನುಂಗಿದ ಸದ್ದು ಕೇಳಿತು.

"ನುಂಗಿದ್ರು," ಅಂದೆ. "ಚಿಕ್ಕತಾಯಿ, ನುಂಗಿದ್ರು ಕಣೆ." ಅವಳ ಮುಖ ನೋಡಲು ತಲೆ ಎತ್ತಿದೆ.

ಅವಳು ಬತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಕೇಳುವುದೇನೋ ಇತ್ತು. ನನಗೆ ಅದು ಏನೆಂದು ತಕ್ಷಣವೇ ತಿಳಿಯಿತು, ಅವಳಿಗೂ ತಿಳಿದಿತ್ತು. ಅವಳು ಬತ್ತಿಯನ್ನು ಮತ್ತೆ ನೀರಿಗೆ ಅದ್ದಿದಳು.

ಉಳಿದ ಮೂರು ದಿನ ಅವಳು ತನ್ನ ಮನೆಗೆ ನಾಯಿಗೆ ಅನ್ನ ಹಾಕಲು ಮಾತ್ರ ಹೋಗಿ ಬಂದಳು. ಇಲಿಯನ್ನು ಹತ್ತಿಯ ಬುಟ್ಟಿಯಲ್ಲಿಟ್ಟು, ಗಂಜಿಯ ತಿಳಿ, ಅಗಿದ ಕಡಲೆ, ಬೆಲ್ಲದ ನೀರು ಹೊತ್ತೊತ್ತಿಗೆ ಕೊಟ್ಟೆವು. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಕಾದೆವು. ಮಿಲ್ಟ್ರಿಯನ್ನು ಗಿರಣಿಗೆ ವಾಪಸು ಕಳಿಸಿದೆ, ಬೀಗತನ ಹೋದದ್ದಕ್ಕೆ ಅದಕ್ಕೇನೂ ಬೇಜಾರಾದಂತೆ ಕಾಣಲಿಲ್ಲ. ಭಾನುವಾರ ಸಂಜೆ ಇಲಿ ಎದ್ದು ಮೀಸೆ ಒರೆಸಿಕೊಂಡಿತು, ನಮ್ಮ ಯಜಮಾನರು ಎದ್ದು ದಿಂಬಿಗೆ ಒರಗಿ ಕೂತರು. ಬುಟ್ಟಿಯೊಳಗೆ ಇಣುಕಿ, "ನಮಸ್ಕಾರ ಬೀಗರೇ, ನಮ್ಮನೇಲಿ ಬಾಳ ತೊಂದ್ರೆ ಆಗೋಯ್ತು ನಿಮಗೆ," ಅಂದರು. ಅವರ ಬಹುವಚನ ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮಂಗಳವಾರಕ್ಕೆ ಒಂಬತ್ತು ತುಂಬಿತು. ಬೆಳಗ್ಗೆ ಮೈ ತಣ್ಣಗಾಗಿ ಬೆವರಿತು, ಹಸಿವು ಎಂದರು. ಬೀಗರೂಟದ ಪದ್ಧತಿಯಂತೆ ಇಲಿಗೆ ಹುರಿಗಡಲೆ, ಕೊಬ್ಬರಿ, ಒಂದು ಚೂರು ಹೋಳಿಗೆ ಬಡಿಸಿ, ಗಿರಣಿಯ ಹಿಂದಿನ ಗೋಡೆಯ ಬಳಿ ಬಿಟ್ಟುಬಂದೆವು. ಊರಿನವರು ಬಂದು ಹೊಗಳಿದರು. ಹೊಂಬಮ್ಮನ ಕೈಗುಣ, ಕಡೆಯ ಗಳಿಗೆಯಲ್ಲಿ ಹಿಡಿದುಬಿಟ್ಟಳು ಎಂದರು. ಚಿಕ್ಕತಾಯಿ ಹೇಳಿದ್ದು ಎಂದು ನಾನು ಎರಡು ಮೂರು ಸಲ ಅಂದೆ. ದೊಡ್ಡವರು ಹಾಗೆ ಹೇಳುವುದು ಸಹಜ ಎನ್ನುವಂತೆ ಅವರು ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ಮಧ್ಯಾಹ್ನ ಅವಳು ಹಿತ್ತಲಿನಲ್ಲಿ ಪಾತ್ರೆ ತೊಳೆದು ಮುಗಿಸಿ, ಕೈ ಒರೆಸಿಕೊಳ್ಳುತ್ತ ಕಲ್ಲಿನ ಮೇಲೆ ಕೂತಳು. ನಾನೂ ಹೋಗಿ ಕೂತೆ. ಒಳಗೆ ನಮ್ಮ ಯಜಮಾನರು ಉಂಡು ಗೊರಕೆ ಹೊಡೆಯುತ್ತಿದ್ದರು.

"ನಮ್ಮನೆಯವ್ರು ಕೊನೇ ದಿನ ನೀರು, ನೀರು ಅಂತಿದ್ರಲ್ಲಕ್ಕಾ," ಅಂದಳು.

ನೆನಪಿದೆ ಎಂದೆ.

"ಕುಡಿಯೋಕೆ ಕೇಳ್ತಾವ್ರೆ, ಕೊಡು ಅಂದ್ರಿ ನೀವು. ಕೊಟ್ಟೆ. ಬಾಯಿಗಿಟ್ರೆ ಉಗುದ್ರು. ಕತ್ತು ಮೇಲಕ್ಕೆತ್ತಿ ಎತ್ತಿ ನೀರು ಅಂತಾನೇ ಇದ್ರು. ಆಮೇಲೆ ಉಸಿರು ಕಟ್ಕೊಂಡ್ ಹೋದ್ರು." ಅವಳ ಕಣ್ಣು ಒಣಗಿತ್ತು. "ಅವತ್ತು ಬೆಳಗ್ಗೆ ನಾಲೆಗೆ ನೀರು ಬಿಟ್ಟಿದ್ರು ಅಕ್ಕಾ. ನಾಲೆ ಏರಿ ತುಂಬಾ ಹೆಗ್ಗಣದ ಬಿಲ, ಎಲ್ಲಾದ್ರೊಳ್ಗೂ ನೀರು ನುಗ್ಗಿರುತ್ತೆ. ನಮ್ಮೋರು ದಿನಾ ಅಲ್ಲೇ ತೂಬು ಕಾಯ್ತಾ ಕೂತಿರ್ತಿದ್ರು. ಈ ಮೂರು ದಿನ ಅದನ್ನೇ ಯೋಚ್ನೆ ಮಾಡ್ದೆ."

ನನ್ನ ಗಂಡ ಬದುಕಿದ್ದ, ಅವಳ ಗಂಡ ಇರಲಿಲ್ಲ. ಎರಡು ಮನೆಗೂ ಹೆಸರು ಹೇಳಿದವಳು ನಾನೊಬ್ಬಳೇ.

"ಈಗ್ ಹೇಳಿ. ನಾಯೀನೇನಾ ನಮ್ಮ ಬೀಗರು?"

ಹೌದು ಅಂದಿದ್ದರೆ ಅವಳು ನಂಬುತ್ತಿರಲಿಲ್ಲ, ಆದರೆ ಎದ್ದು ಹೋಗುತ್ತಿದ್ದಳು. ಅಲ್ಲ ಅನ್ನಲೂ ನನ್ನ ಹತ್ತಿರ ಆಧಾರವಿರಲಿಲ್ಲ, ಆ ಉಣ್ಣಿಯನ್ನು ಅವತ್ತೇ ಒಲೆಗೆ ಹಾಕಿದ್ದೆ.

"ಗೊತ್ತಿಲ್ಲ ಚಿಕ್ಕತಾಯಿ," ಅಂದೆ. "ನನಗೆ ಗೊತ್ತಿಲ್ಲ."

ನನ್ನನ್ನು ಶಪಿಸುತ್ತಾಳೆ ಎಂದು ಕಾದೆ, ಶಪಿಸಲಿ ಎಂದೂ ಅನ್ನಿಸಿತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು, ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ಅವತ್ತೇ ಹಂಗಂದಿದ್ರೆ, ಇನ್ನೊಂದ್ ಸಲ ಹುಡುಕ್ತಿದ್ನಲ್ಲಕ್ಕಾ."